ಗೆದ್ದಲು ಹಿಡಿಯದ ಪುಸ್ತಕಗಳು

ಆ ನಾಲ್ಕು ಪುಸ್ತಕಗಳಿಗೆ ಗೆದ್ದಲು ಹಿಡಿದಿರಲಿಲ್ಲ. ಹಿಡಿದಿದೆ ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನಿಂದ ನಯಾಜ್ ಎಂಬ ಫಿಟ್ಟರ್ ಆಸ್ಟ್ರೇಲಿಯಾಕ್ಕೆ ಹೋಗುವುದು ತಪ್ಪಿತು. ತಪ್ಪಿಸಿದವನು ನಾನು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ಬರೆಯುತ್ತ ಹೋದಂತೆ ಕೈ ತಾನಾಗಿ ಸಮಜಾಯಿಷಿಯ ಕಡೆಗೆ ವಾಲುತ್ತದೆ. ನನ್ನ ಕೈ ನನಗೆ ಗೊತ್ತು.

ತಿಪಟೂರಿನ ಹೊರಗೆ, ತುರುವೇಕೆರೆ ರಸ್ತೆಯಲ್ಲಿದ್ದ ಒಂದು ಕಾಯಿಪುಡಿ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ಮೇನೇಜರ್ ಆಗಿದ್ದೆ. ತೆಂಗಿನಕಾಯಿ ಒಡೆದು, ತಿರುಳಿನ ಕಂದು ಸಿಪ್ಪೆ ಹೆರೆದು, ತುರಿದು, ಒಣಗಿಸಿ, ಬಿಸ್ಕತ್ತು ಮಾಡುವವರಿಗೆ ಚೀಲಗಳಲ್ಲಿ ಕಳಿಸುವುದು ಅಲ್ಲಿನ ಕೆಲಸ. ಎಂಟಕ್ಕೆ ಗಂಟೆ. ಎಂಟೂ ಐದಕ್ಕೆ ಗೇಟು ಮುಚ್ಚಬೇಕು. ಊಟ ಒಂದಕ್ಕೆ. ನಾನು ಓದಿದ್ದು ಮಠದ ಹಾಸ್ಟೆಲಿನಲ್ಲಿ. ನಾಲ್ಕೂವರೆಗೆ ಎದ್ದು ತಣ್ಣೀರು ಸುರಿದುಕೊಳ್ಳುವುದನ್ನು ಅಲ್ಲಿ ಕಲಿತೆ, ಇವತ್ತಿಗೂ ಬಿಟ್ಟಿಲ್ಲ. ವಾಚ್‌ಮನ್ ಪುಟ್ಟಯ್ಯ ಹೊಸ ಆಳುಗಳಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿದೆ: "ಈ ಗೇಟ್ ಮ್ಯಾಲೆ ಕಾಗೆನೂವೆ ಎಂಟಕ್ ಮುಂಚೆ ಬಂದು ಕುಂತ್ಕತದೆ ಕಣ್ಲಾ. ಲೇಟಾದ್ರೆ ಮೇನೇಜರ್ರು ಆಬ್ಸೆಂಟ್ ಹಾಕ್ತಾರೆ ಅಂತ."

ಕೇಳಿ ನನಗೆ ಹೆಮ್ಮೆಯೇ ಆಗಿತ್ತು.

ನಯಾಜ್ ಅಲ್ಲಿಗೆ ಬಂದಾಗ ಮೂವತ್ತರ ಆಸುಪಾಸು. ಅವನ ತಂದೆ ತಿಪಟೂರಿನಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದವರು. ಕಾರ್ಖಾನೆ ಓಡುವ ತಿಂಗಳುಗಳಲ್ಲಿ ನಯಾಜ್‌ಗೆ ಹೆಚ್ಚು ಕೆಲಸವಿರುತ್ತಿರಲಿಲ್ಲ — ಯಂತ್ರಗಳ ಪಕ್ಕ ನಿಂತು, ಎಣ್ಣೆ ಬಿಟ್ಟು, ಸದ್ದು ಕೇಳುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ಬರೆದದ್ದು 'ಯಂತ್ರ ಸಹಾಯಕ' ಎಂದು. ಅವನ ನಿಜವಾದ ಕೆಲಸ ಇದ್ದದ್ದು ಮಳೆಗಾಲದಲ್ಲಿ. ಕಾಯಿ ಬರುವುದು ಕಡಿಮೆಯಾಗುವ ಆ ಎರಡೂವರೆ ತಿಂಗಳು ನಾವು ಕಾರ್ಖಾನೆ ನಿಲ್ಲಿಸುತ್ತಿದ್ದೆವು. ಆಳುಗಳೆಲ್ಲ ಊರಿಗೆ. ಮಾಲೀಕರ ಆಜ್ಞೆಯಂತೆ ಹಾಜರಿ ಪುಸ್ತಕಕ್ಕೆ ಕೆಂಪು ಗೆರೆ ಎಳೆದು ಮುಚ್ಚುತ್ತಿದ್ದೆ. ಆಗ ನಯಾಜ್ ಒಬ್ಬನೇ ದಿನವೂ ಬಂದು ತುರಿಯುವ ಯಂತ್ರ ಬಿಚ್ಚಿ, ಸವೆದ ಭಾಗ ತಾನೇ ಕಡೆದು ಕೂರಿಸಿ, ಡ್ರೈಯರಿನ ಸರಪಣಿ ಇಳಿಸಿ, ಬೆಸುಗೆ ಹಾಕಿ, ಮತ್ತೆ ಜೋಡಿಸುತ್ತಿದ್ದ. ಹಾಜರಿಯಲ್ಲಿ ಅವನು ಇರುತ್ತಿರಲಿಲ್ಲ. ಆದರೆ ಗೇಟು ದಾಟಿದವರ ಹೆಸರು, ಹೊತ್ತು, ಬಂದ ಕೆಲಸ ಇಷ್ಟನ್ನೂ ಬರೆಯುವ ಗೇಟ್ ಪುಸ್ತಕ ಪುಟ್ಟಯ್ಯನ ಬಳಿ ಇತ್ತು. ಅದು ವರ್ಷವಿಡೀ ತೆರೆದೇ ಇರುತ್ತಿತ್ತು.

ಒಮ್ಮೆ ನಯಾಜ್ ಕೇಳಿದ್ದ. "ಸಾ, ಈ ಎಲ್ಡ್ ತಿಂಗ್ಳೂ ನನ್ ಹೆಸ್ರು ಹಾಜ್ರೀಲಿ ಹಾಕ್ಬುಡಿ ಸಾ. ಬತ್ತಾ ಇದೀನಲ್ಲ."

"ಹಾಜರಿ ಮುಚ್ಚಿದ ಮೇಲೆ ಯಾರ ಹೆಸರೂ ಇಲ್ಲ ಕಣಯ್ಯ. ನಂದೂ ಇಲ್ಲ."

ಅವನು ನಕ್ಕು ಸ್ಪ್ಯಾನರ್ ಎತ್ತಿಕೊಂಡು ಹೋದ.

ಅವನ ತಲೆಯಲ್ಲಿ ಆಸ್ಟ್ರೇಲಿಯಾ ಹೊಕ್ಕಿದ್ದು ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ. ಅಲ್ಲಿನ ಒಂದು ರಾಜ್ಯ ಸರ್ಕಾರಕ್ಕೆ ಒಳನಾಡಿನ ಊರುಗಳಲ್ಲಿ ಕೈಕೆಲಸದವರು ಬೇಕಾಗಿದ್ದರು. ಬೇಕಾದ ಕಸುಬುಗಳ ಪಟ್ಟಿ ಮಾಡಿ, ಅರ್ಹರಾದವರ ಹೆಸರನ್ನು ಸರ್ಕಾರವೇ ಸೂಚಿಸಿ ವೀಸಾ ಕೊಡಿಸುತ್ತಿತ್ತು. ಪಟ್ಟಿಯಲ್ಲಿ ಫಿಟ್ಟರ್ ಇತ್ತು. ವಯಸ್ಸು ನಲವತ್ತೈದರೊಳಗೆ ಇರಬೇಕು, ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಆ ಕಸುಬಿನಲ್ಲೇ ಎಡೆಬಿಡದೆ ಮೂರು ವರ್ಷ ದುಡಿದಿರಬೇಕು, ಹೋದ ಮೇಲೆ ಒಳನಾಡಿನಲ್ಲೇ ನೆಲೆಸಬೇಕು.

"ದೊಡ್ ಊರಲ್ಲ ಸಾ," ಎಂದು ನಕಾಶೆ ತೋರಿಸಿದ್ದ. "ನಮ್ ಹಂದನಕೆರೆ ಕಡೆ ಇದ್ದಂಗೆ, ಬರೀ ಬಯಲು. ಗೋಧಿ ಕೊಯ್ಯೋ ಮಶೀನ್ ರಿಪೇರಿ. ಒಂದೇ ಒಂದ್ ತೆಂಗಿನ್ ಮರ ಇಲ್ವಂತೆ. ನನ್ಗೆ ಅಷ್ಟೇ ಸಾಕು!"

ಇಂಗ್ಲಿಷ್ ಕಲಿಸಿದ್ದು ನಾನೇ. ಊಟದ ಮೇಲೆ, ಒಂದೂ ಇಪ್ಪತ್ತರಿಂದ ಎರಡರವರೆಗೆ, ನನ್ನ ಮೇಜಿನ ಎದುರಿನ ಸ್ಟೂಲಿನಲ್ಲಿ ಕೂತು ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ನಾನು ತಿದ್ದುತ್ತಿದ್ದೆ. ಹೀಗೆ ಎರಡೂವರೆ ವರ್ಷ. ಮೊದಲ ಸಲ ಫೇಲಾದ. ಎರಡನೆಯ ಸಲ ಪಾಸಾಗಿ ಬಂದವನು ಆ ಕಾಗದವನ್ನು ಮೊದಲು ತಂದಿಟ್ಟದ್ದು ನನ್ನ ಮೇಜಿನ ಮೇಲೆ. ಅವನ ಬೆರಳಿನ ಗ್ರೀಸು ಅದರ ಅಂಚಿಗೆ ಹತ್ತಿತ್ತು — ಆಗ ಗದರಿದೆ.

ಅವನು ಅರ್ಜಿ ಹಾಕಿದ. ಸಂಕ್ರಾಂತಿ ಕಳೆದ ಮೇಲೆ ಕಾರ್ಖಾನೆಯ ವಿಳಾಸಕ್ಕೆ ಆಸ್ಟ್ರೇಲಿಯಾದಿಂದ ಒಂದು ಲಕೋಟೆ ಬಂತು. ಕಸುಬನ್ನು ಪರಿಶೀಲಿಸುವ ಕಚೇರಿಯವರು ಮೂರು ಪ್ರಶ್ನೆ ಕೇಳಿದ್ದರು. ಈ ವ್ಯಕ್ತಿಯ ಕೆಲಸ ಯಾವುದು? ಯಾವ ಯಾವ ತಿಂಗಳು ಕೆಲಸ ಮಾಡಿದ್ದಾನೆ? ಹಾಜರಿಯ ಹೊರತಾಗಿ ಅವನ ಕೆಲಸಕ್ಕೆ ಬೇರೆ ದಾಖಲೆ ಉಂಟೆ?

ಬೀರುವಿನ ಬಾಗಿಲು ತೆಗೆದೆ. ಮೇಲಿನ ಅರೆಯಲ್ಲಿ ಹಾಜರಿ ಪುಸ್ತಕಗಳು, ಕೆಳಗಿನ ಅರೆಯಲ್ಲಿ ಮುಗಿದ ಗೇಟ್ ಪುಸ್ತಕಗಳು. ಹಿಂದಿನ ನಾಲ್ಕು ವರ್ಷದವು, ಬೇವಿನ ಸೊಪ್ಪು ಹಾಕಿ ನಾನೇ ಜೋಡಿಸಿಟ್ಟಿದ್ದು. ಒಂದನ್ನು ತೆಗೆದು ನೋಡಿದೆ ಕೂಡ. ಪುಟ್ಟಯ್ಯನ ಕೋಳಿಕಾಲಿನ ಅಕ್ಷರ — 'ನಯಾಜು, ಬೆಳಿಗ್ಗೆ 8, ಮಿಸನು ಬಿಚ್ಚಾಕೆ'. ಮಾರನೆಯ ದಿನ ಅದೇ. ಅದರ ಮಾರನೆಯ ದಿನವೂ ಅದೇ. ಪುಟಗಟ್ಟಲೆ.

ಮತ್ತೆ ಇಟ್ಟೆ.

ಹಾಜರಿ ಪುಸ್ತಕಗಳನ್ನು ಮಾತ್ರ ಜೆರಾಕ್ಸ್ ಮಾಡಿಸಿದೆ. ಮೊದಲ ಪ್ರಶ್ನೆಗೆ, ಯಂತ್ರ ಸಹಾಯಕ. ಎರಡನೆಯದಕ್ಕೆ, ಪ್ರತಿ ವರ್ಷ ಮಳೆಗಾಲದಲ್ಲಿ ಹಾಜರಿ ಇಲ್ಲ. ಮೂರನೆಯದನ್ನು ಖಾಲಿ ಬಿಟ್ಟೆ. ಆಳುಗಳು ರಜೆ ಅರ್ಜಿಯಲ್ಲಿ ತಾರೀಕು ಬಿಟ್ಟರೆ ವಾಪಸು ಎಸೆಯುತ್ತಿದ್ದವನು ನಾನು. ಜೀವಮಾನದಲ್ಲಿ ನಾನು ಖಾಲಿ ಬಿಟ್ಟ ಕಲಂ ಅದೊಂದೇ.

ಏಕೆ? — ಡ್ರೈಯರ್ ಕೆಟ್ಟರೆ ಕೈ ಹಾಕುವವರು ಬೇರೆ ಯಾರೂ ಇರಲಿಲ್ಲ. ಅದೊಂದು. ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಆ ಸ್ಟೂಲು ಖಾಲಿಯಾಗುತ್ತದೆ ಎಂಬುದು ಇನ್ನೊಂದು. ಹೆಂಡತಿ ತೀರಿಕೊಂಡ ಮೇಲೆ ನನ್ನ ಜೊತೆ ಕೂತು ಮಾತಾಡುತ್ತಿದ್ದವನು ಅವನೊಬ್ಬನೇ. ಇವೆರಡಕ್ಕಿಂತ ಕೆಳಗೆ ಮತ್ತೇನೋ ಇತ್ತು... ನಾನು ಇಲ್ಲೇ ಗಂಟೆ ಹೊಡೆಸುತ್ತ ಮುದುಕನಾಗುವಾಗ, ನಾನು ಕಲಿಸಿದ ಇಂಗ್ಲಿಷಿನಲ್ಲೇ ಅವನು ಹೊರಟುಹೋಗುವುದು — ಇದನ್ನು ಪೂರ್ತಿ ಬರೆಯಲು ಇವತ್ತಿಗೂ ಆಗುತ್ತಿಲ್ಲ.

ರಿಜಿಸ್ಟರ್ ಪೋಸ್ಟ್ ಮಾಡಿ ಬರುವಾಗ ಅವನು ಗೇಟಿನಲ್ಲೇ ಕಾದಿದ್ದ.

"ಏನಾರಾ ಬಂತಾ ಸಾ?"

"ಬಂದಿತ್ತು. ಉತ್ತರ ಹಾಕಿ ಬಂದೆ. ಪುಸ್ತಕದಲ್ಲಿ ಹೆಂಗಿದೆಯೋ ಹಂಗೇ ಬರೆದಿದ್ದೀನಿ."

"ಅಷ್ಟ್ ಸಾಕು ಬುಡಿ ಸಾ. ನೀವ್ ಬರ್ದ್ ಮೇಲೆ ಇನ್ನೇನ್ ಕೇಳ್ತಾರೆ."

ಆಷಾಢದಲ್ಲಿ ಉತ್ತರ ಬಂತು. ಕಾರ್ಖಾನೆ ನಿಂತಿತ್ತು, ಹಾಜರಿ ಮುಚ್ಚಿತ್ತು. ನಯಾಜ್ ಬಿಚ್ಚಿದ ಡ್ರೈಯರಿನ ನಡುವಿನಿಂದ ಎದ್ದು ನನ್ನ ಕೋಣೆಗೆ ಬಂದು ಕಾಗದವನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತ. ಈ ಸಲ ಕೈ ತೊಳೆದುಕೊಂಡಿದ್ದ. "ಎಡಬಿಡ್ದೆ ಮೂರ್ ವರ್ಷ ಆಗಿಲ್ವಂತೆ ಸಾ. ನಾನು ಫಿಟ್ಟರ್ರೇ ಅಲ್ವಂತೆ." ನಗಲು ನೋಡಿದ. "ಹಂಗಾರೆ ಇದ್ನೆಲ್ಲ ಯಾವನ್ ಬಿಚ್ಚಿ ಹಾಕವ್ನೆ?"

ಅವನು ಕೊನೆಯ ಸಾಲಿಗೆ ಬೆರಳಿಟ್ಟ. ಹೊಸ ದಾಖಲೆ ಸಿಕ್ಕರೆ ಮೂರು ತಿಂಗಳೊಳಗೆ ಕಳಿಸಬಹುದು, ಮತ್ತೆ ನೋಡುತ್ತೇವೆ ಎಂದಿತ್ತು. ನಾನು ಕಲಿಸಿದ ಉಚ್ಚಾರಣೆಯಲ್ಲೇ ಓದಿದ, ಒಂದಕ್ಷರ ತಪ್ಪಿಲ್ಲದೆ. ಆ ಕಾರ್ತಿಕಕ್ಕೆ ಅವನಿಗೆ ನಲವತ್ತೈದು ತುಂಬುತ್ತಿತ್ತು. ಇನ್ನೊಂದು ಅರ್ಜಿಗೆ ವಯಸ್ಸು ಉಳಿಯುತ್ತಿರಲಿಲ್ಲ.

"ಸಾ, ಪುಟ್ಟಯ್ಯಣ್ಣ ಬರೀತಿದ್ನಲ್ಲ, ಗೇಟ್ ಪುಸ್ತಕ? ಅದ್ರಲ್ಲಿ ನಾನ್ ಬಂದಿದ್ದೆಲ್ಲ ಇರ್ತದಲ್ವಾ ಸಾ?"

ಆ ಕ್ಷಣದಲ್ಲಿ ತಿದ್ದಿಕೊಳ್ಳಲು ದಾರಿ ತೆರೆದೇ ಇತ್ತು. ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ನಾನು ಅಂದೆ:

"ಹಳೇವಕ್ಕೆಲ್ಲ ಗೆದ್ದಲು ಹಿಡಿದಿತ್ತು ಕಣಯ್ಯ. ಸುಟ್ಟು ಹಾಕ್ದೆ."

ಅವನು ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ — ಗೊತ್ತಿಲ್ಲ. "ಹೋಗ್ಲಿ ಬುಡಿ ಸಾ, ನೀವೇನ್ ಮಾಡೀರಿ," ಎಂದು ನನಗೇ ಸಮಾಧಾನ ಹೇಳಿ, ಕಾಗದವನ್ನು ಮಡಿಸಿದ ಗುರುತಿನಲ್ಲೇ ಮತ್ತೆ ಮಡಿಸಿ, ಕೆಲಸಕ್ಕೆ ಹೋದ.

ಇಲ್ಲಿಗೆ ನಿಂತಿದ್ದರೆ ಅದು ಒಂದು ಸುಳ್ಳು ಮಾತ್ರ ಆಗುತ್ತಿತ್ತು. ಮೂರು ತಿಂಗಳೊಳಗೆ ಯಾವ ದಿನ ಬೇಕಾದರೂ ತಿದ್ದಬಹುದಾದದ್ದು. ಆದರೆ ನಾನು ಶಿಸ್ತಿನ ಮನುಷ್ಯ. ಆಡಿದ ಮಾತೊಂದು, ಬೀರುವಿನಲ್ಲಿ ಇರುವುದೊಂದು — ಈ ಅವ್ಯವಸ್ಥೆಯನ್ನು ತಾಳಲಾರದೆ ಹೋದೆ. ಹನ್ನೆರಡನೆಯ ದಿನ ಡ್ರೈಯರ್ ಜೋಡಣೆ ಮುಗಿದು, ನಯಾಜ್ ಪರೀಕ್ಷೆಗೆಂದು ತೆಂಗಿನ ಚಿಪ್ಪು ತುಂಬಿ ಅದರ ಒಲೆ ಹೊತ್ತಿಸಿದ್ದ. ಬೆಳಿಗ್ಗೆ ಹನ್ನೊಂದು ಗಂಟೆ. ನಾಲ್ಕು ಪುಸ್ತಕಗಳನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಒಲೆಯ ಬಾಯಿಗೆ ನೂಕಿದೆ. ನನ್ನ ಮಾತನ್ನು ಸತ್ಯ ಮಾಡಿದೆ. ಒಲೆಯ ಆಚೆ ಬದಿಯಲ್ಲಿ ಸರಪಣಿ ನೋಡುತ್ತಿದ್ದ ನಯಾಜ್ ಕೂಗಿ ಹೇಳಿದ —

"ಸಾ, ಉರಿ ಚೆನ್ನಾಗ್ ಬತ್ತಾ ಐತೆ!"

ಆ ಕೂಗು ಈಗಲೂ ಕೇಳುತ್ತದೆ. ದಿನಕ್ಕೆ ಇಷ್ಟು ಸಲ ಎಂದಿಲ್ಲ. ಅದಕ್ಕೆ ವೇಳಾಪಟ್ಟಿ ಹಾಕಲು ನನ್ನಿಂದ ಆಗಿಲ್ಲ.

ಅವನು ಆಮೇಲೂ ಅಲ್ಲೇ ದುಡಿದ. ಒಂದೂ ಇಪ್ಪತ್ತಕ್ಕೆ ಬಂದು ಸ್ಟೂಲಿನಲ್ಲಿ ಕೂರುವುದು ಮಾತ್ರ ನಿಂತಿತು. "ಇನ್ಯಾಕ್ ಸಾ ಇಂಗ್ಲಿಷು," ಅಂದ, ಅಷ್ಟೇ. ಯಾವುದನ್ನು ಉಳಿಸಿಕೊಳ್ಳಲು ಹೊರಟಿದ್ದೆನೋ ಅದು ಆ ವಾರವೇ ಹೋಯಿತು. ಆರು ವರ್ಷಕ್ಕೆ ಕಾರ್ಖಾನೆಯೂ ಮುಚ್ಚಿತು. ಪುಟ್ಟಯ್ಯ ತೀರಿಕೊಂಡ. ಆ ಪುಸ್ತಕಗಳಲ್ಲಿ ಏನಿತ್ತು ಎಂದು ಹೇಳಬಲ್ಲ ಇನ್ನೊಂದು ಬಾಯಿ ಈಗ ಇಲ್ಲ.

ನಯಾಜ್ ಈಗ ತಿಪಟೂರಿನಲ್ಲಿ ಒಂದು ತಗಡಿನ ಅಂಗಡಿ ಇಟ್ಟುಕೊಂಡಿದ್ದಾನೆ. ಗೇಟು, ಗ್ರಿಲ್ಲು, ಕಾಯಿ ಸುಲಿಯುವ ಯಂತ್ರದ ರಿಪೇರಿ. ಹೋದ ತಿಂಗಳು ನಮ್ಮ ಮನೆ ಗೇಟಿನ ಚಿಲಕ ಮಾಡಿಸಲು ಹೋದಾಗ ಅವನು ಇಬ್ಬರು ಹುಡುಗಿಯರಿಗೆ ಅರ್ಜಿ ತುಂಬಿ ಕೊಡುತ್ತಿದ್ದ. ನರ್ಸುಗಳು, ಹೊರದೇಶದ ಕೆಲಸಕ್ಕೆ ಹಾಕುತ್ತಿದ್ದರು. ಆ ಬೀದಿಯವರೆಲ್ಲ ಇಂಗ್ಲಿಷ್ ಕಾಗದಕ್ಕೆ ಅವನ ಹತ್ತಿರ ಬರುತ್ತಾರಂತೆ. ನನ್ನನ್ನು ಕಂಡವನೇ ಎದ್ದು ಸ್ಟೂಲು ಒರೆಸಿ ಹಾಕಿದ.

"ನನ್ ಮೇಷ್ಟ್ರು ಇವ್ರೇ ಕಣಮ್ಮಾ," ಎಂದು ಅವರಿಗೆ ಪರಿಚಯಿಸಿದ. ಆಮೇಲೆ ಕಾಗದ ಕೊಡುತ್ತ ಹೇಳಿದ: "ಹಳೇ ಪೇಪರ್‌ಗಳ್ನ ಕಬ್ಬಿಣದ್ ಪೆಟ್ಟಿಗೆಯಾಗ್ ಇಡಿ. ಗೆದ್ದಲು ನೋಡ್ಕಳಿ. ನನ್ ಹಣೇಬರ ಗೆದ್ದಲು ತಿಂದ್ಬುಡ್ತು. ಇಲ್ದಿದ್ರೆ ನಾನೀಗ ಎಲ್ಲಿರ್ತಿದ್ದೆ ಗೊತ್ತಾ? ಕೇಳ್ರಿ ಬೇಕಾರೆ ಸಾಹೇಬ್ರನ್ನೇ."

ಹುಡುಗಿಯರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. — ಹೌದು ಎಂಬಂತೆ ಆಡಿಸಿದೆ.

ಇಷ್ಟು ವರ್ಷ ಆ ಮಾತು ಒಂದೇ ಸಲ ಆಡಿದ್ದು ಎಂದುಕೊಂಡಿದ್ದೆ. ಅವನು ಅದನ್ನು ದಿನವೂ, ಬಂದವರಿಗೆಲ್ಲ, ಒಳ್ಳೆಯದಾಗಲೆಂದು, ನನ್ನ ಪರವಾಗಿ ಹೇಳುತ್ತಿದ್ದಾನೆ.

ನಿನ್ನೆ ಒಂದು ಹಾಳೆ ತೆಗೆದುಕೊಂಡು ಆ ಮೂರು ಪ್ರಶ್ನೆಗಳನ್ನು ನೆನಪಿನಿಂದ ಇಂಗ್ಲಿಷಿನಲ್ಲೇ ಬರೆದು ಉತ್ತರ ತುಂಬಿದೆ. ಕೆಲಸ: ಫಿಟ್ಟರ್. ತಿಂಗಳು: ಎಲ್ಲ ತಿಂಗಳು. ಬೇರೆ ದಾಖಲೆ: ಇತ್ತು, ನಾಲ್ಕು ಗೇಟ್ ಪುಸ್ತಕ. ಗೆದ್ದಲು ಹಿಡಿದಿರಲಿಲ್ಲ. ನಾನೇ ಒಲೆಗೆ ಹಾಕಿದೆ. ಕೆಳಗೆ ಸಹಿ, ತಾರೀಕು. ಇದನ್ನು ಈಗ ಯಾವ ಕಚೇರಿಯೂ ನೋಡುವುದಿಲ್ಲ, ಇದರಿಂದ ಅವನಿಗೆ ಒಂದು ದಿನವೂ ಹಿಂದಕ್ಕೆ ಬರುವುದಿಲ್ಲ. ಅವನಿಗೆ ಈಗ ಅರವತ್ತು ದಾಟಿದೆ.

ಅಂಗಡಿ ತೆಗೆಯುವುದು ಎಂಟಕ್ಕೆ. ನಾಳೆ ಎಂಟಕ್ಕೆ ಅಲ್ಲಿರುತ್ತೇನೆ. ಸ್ಟೂಲು ಒರೆಸಿ ಹಾಕುತ್ತಾನೆ. ಕೂರುವುದಿಲ್ಲ. ಹಾಳೆಯನ್ನು ಅವನ ಕೈಗೆ ಕೊಡುತ್ತೇನೆ. ಅವನು ಗಟ್ಟಿಯಾಗಿ ಓದುತ್ತಾನೆ, ಹಾಗೆ ಓದುವುದನ್ನು ಕಲಿಸಿದವನು ನಾನೇ. ಓದಿ ಮುಗಿಯುವವರೆಗೆ ನಿಂತಿರುತ್ತೇನೆ.