ಕರುವಿನ ಪರವಾಗಿ ಕೂಗಿದ್ದು

ವೈಟ್‌ಫೀಲ್ಡಿನ ಮಾಲಿನ ಮುಂದೆ ಶನಿವಾರ ಸಂಜೆ ಬೋರ್ಡು ಹಿಡಿದು ನಿಂತರೆ ಮೊದಲು ನೋಯುವುದು ಕೈಯಲ್ಲ, ಕೆನ್ನೆ. ನಗುತ್ತಲೇ ಇರಬೇಕು ಎಂದು ನಮ್ಮ ಗುಂಪಿನ ನಿಯಮ. ಮಾಂಸ, ಮೊಟ್ಟೆ, ಹಾಲು, ಮೊಸರು ಎಲ್ಲ ಬಿಟ್ಟವರು ಸಿಡುಕು ಮುಖದವರು ಎಂದು ಜನ ಅಂದುಕೊಳ್ಳಬಾರದಂತೆ. ನನ್ನ ಬೋರ್ಡಿನಲ್ಲಿ 'ಹಾಲು ಕರುವಿನದು' ಎಂದಿತ್ತು. ಅದನ್ನು ಎದೆಗೆ ಆನಿಸಿಕೊಂಡು, ಚಿಲ್ಲರೆ ಇಲ್ಲದ ಕಂಡಕ್ಟರನ ಹಾಗೆ ಹಲ್ಲು ಬಿಟ್ಟುಕೊಂಡು ನಿಲ್ಲುತ್ತಿದ್ದೆ.

ಬರುವವರ ಮಾತು ನನಗೆ ಬಾಯಿಪಾಠವಾಗಿತ್ತು. ಜಿಮ್ಮಿನ ಹುಡುಗ ತೋಳು ಸವರಿಕೊಳ್ಳುತ್ತಾ, "ಬ್ರೋ, ಪ್ರೋಟೀನಿಗೆ ಏನ್ ಮಾಡ್ತೀರಾ?" ಎನ್ನುತ್ತಿದ್ದ. ಜರತಾರಿ ಸೀರೆಯ ಅಮ್ಮನವರು, "ನಮ್ಮತ್ತೆ ತುಪ್ಪ ತಿಂದೇ ತೊಂಬತ್ತು ದಾಟಿದ್ರು ಕಣಪ್ಪ, ನೀನು ನೋಡಿದ್ರೆ ಹಿಂಗಿದೀಯ" ಎಂದು ನನ್ನನ್ನು ಮೇಲಿನಿಂದ ಕೆಳಗೆ ಅಳೆಯುತ್ತಿದ್ದರು. "ನಾನು ಪ್ಯೂರ್ ವೆಜ್ ಸಾರ್, ಚಿಕನ್ ಮಾತ್ರ ತಿಂತೀನಿ" ಎಂದು ಒಬ್ಬರು ಗಂಭೀರವಾಗಿಯೇ ಹೇಳಿದ್ದರು. ವಾಪಸ್ಸು ಬಸ್ಸಿನಲ್ಲಿ ಗುಂಪಿನವರಿಗೆ ಇವರನ್ನೆಲ್ಲ ಒಬ್ಬೊಬ್ಬರಾಗಿ ಆಡಿ ತೋರಿಸುತ್ತಿದ್ದೆ. ಕೊನೆಗೆ ಬೋರ್ಡು ಹಿಡಿದ ನನ್ನನ್ನೂ. ಅದಕ್ಕೇ ಹೆಚ್ಚು ನಗು ಬೀಳುತ್ತಿತ್ತು.

ನನ್ನನ್ನು ಈ ಗುಂಪಿಗೆ ಎಳೆದು ತಂದವನು ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯ. ಇಬ್ಬರೂ ಒಂದು ಮೊಬೈಲ್ ಕಂಪನಿಯ ಕಸ್ಟಮರ್ ಕೇರಿನಲ್ಲಿದ್ದೆವು. ಕಾಲರ್ ಟ್ಯೂನ್ ನಿಲ್ಲಿಸಿ ಎಂದು ಫೋನ್ ಮಾಡುವವರನ್ನು, ನಿಲ್ಲಿಸದಂತೆ ಒಪ್ಪಿಸುವುದು ನಮ್ಮ ಕೆಲಸ.

"ಮಗಾ, ಜನ ಯಾವ ಮಾತಿಗೆ ಒಪ್ತಾರೆ ಅಂತ ನಿನಗೆ ಗೊತ್ತಿರ್ಬೇಕು," ಎಂದ ಒಂದು ಸಂಜೆ. "ದಿನಾ ಮಾಡೋದು ಅದೇ ತಾನೇ. ನೀನು ಹಾಲು ಹೆಂಗೆ ಬಿಟ್ಟೆ ಅದನ್ನಾದ್ರೂ ಹೇಳು. ಬೋರ್ಡಿನ ಮೇಲೆ ಹಾಕೋಣ."

ಏನೋ ಮಿಮಿಕ್ರಿ ಮಾಡಿ ತಪ್ಪಿಸಿಕೊಂಡೆ. ನನಗೆ ಗೊತ್ತಿದ್ದದ್ದು ಇಷ್ಟೇ. ಫೋನಿನಲ್ಲಿ ಯಾರೂ ನನ್ನ ಮಾತಿಗೆ ಒಪ್ಪಿರಲಿಲ್ಲ. ಒಪ್ಪಿದವರೆಲ್ಲ ಸುಸ್ತಾಗಿ ಒಪ್ಪಿದವರು. ನಾನು ಹಾಲು ಬಿಟ್ಟದ್ದೂ ಹೆಚ್ಚುಕಡಿಮೆ ಹಾಗೆಯೇ.

ಹೂಡಿಯಲ್ಲಿ ನಮ್ಮದು ಹಳೆಯ ಮನೆ. ಮೂರು ಕಡೆ ಅಪಾರ್ಟ್‌ಮೆಂಟ್ ಎದ್ದು, ಬಿಸಿಲು ಬೇಕೆಂದರೆ ರಸ್ತೆಗೆ ಬರಬೇಕು. ಹಿತ್ತಲಿನ ಶೀಟಿನ ಕೊಟ್ಟಿಗೆಯಲ್ಲಿ ಅಮ್ಮನ ಒಂದೇ ಒಂದು ಸೀಮೆಹಸು. ಅದರ ಹಾಲು ಕ್ಯಾನಿನಲ್ಲಿ ಪಕ್ಕದ ಫ್ಲಾಟುಗಳಿಗೆ ಹೋಗುತ್ತಿತ್ತು. ಮನೆ ನಡೆಯುತ್ತಿದ್ದುದು ಅದರಿಂದ. ಅಪ್ಪ ಒಂದು ಕಂಪನಿಯ ಗೇಟಿನಲ್ಲಿ ಸೆಕ್ಯುರಿಟಿ. ಅವನ ಸಂಬಳ ಎಲ್ಲಿಗೆ ಹೋಗುತ್ತಿತ್ತೆಂದು ಅವನನ್ನೇ ಕೇಳಬೇಕು. ನನ್ನದು ಬೈಕಿನ ಕಂತಿಗೆ ಹೋಗುತ್ತಿತ್ತು. ಬೈಕು ಮಾತ್ರ ವಾರದಲ್ಲಿ ನಾಲ್ಕು ದಿನ ಗ್ಯಾರೇಜಿನಲ್ಲಿರುತ್ತಿತ್ತು.

ನಾನು ಹಾಲು ಬಿಟ್ಟ ವರ್ಷ ಹಸು ಗಂಡುಕರು ಹಾಕಿತು. ವಾರ ಕಳೆಯುವುದರೊಳಗೆ ಕರುವಿಗೆ ಭೇದಿ ಹತ್ತಿ ಸತ್ತುಹೋಯಿತು. ಮಾರನೆಯ ದಿನದಿಂದ ಹಸು ಹಾಲು ಇಳಿಸಲಿಲ್ಲ. ಕೆಚ್ಚಲು ಕಲ್ಲಿನ ಹಾಗೆ ಬಿಗಿದಿದೆ, ಅಮ್ಮ ಎಷ್ಟು ಜಗ್ಗಿದರೂ ಒಂದು ಲೋಟ ಬಂದರೆ ಹೆಚ್ಚು. ಫ್ಲಾಟುಗಳಿಂದ ಫೋನು ಶುರುವಾಯಿತು. "ಆಂಟಿ, ಇವತ್ತೂ ಇಲ್ವಾ? ಹಾಗಾದ್ರೆ ನಾವು ಪ್ಯಾಕೆಟ್ಟೇ ಹಾಕಿಸ್ಕೋತೀವಿ."

ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ಉಪಾಯ ಹೇಳಿದಳು. "ಮೆಡಿಕಲ್ ಸ್ಟೋರಾಗೆ ಇಂಜೆಕ್ಸನ್ ಸಿಗ್ತದೆ ಕಣಕ್ಕ. ದಿನಾ ಒಂದು ಚುಚ್ಚಿದ್ರೆ ತಾನಾಗೇ ಬಿಡ್ತದೆ."

"ಬ್ಯಾಡ," ಎಂದಳು ಅಮ್ಮ. "ಕರು ಕಳ್ಕೊಂಡು ಕುಂತವ್ಳೆ. ಅದ್ರ ಮೇಲೆ ಸೂಜಿನೂ ಚುಚ್ಲಾ?"

ಇಬ್ಬರ ಮುಖವೂ ಜೋತುಬಿದ್ದಿತ್ತು. ಅಂಥ ಹೊತ್ತಿನಲ್ಲಿ ಸುಮ್ಮನಿರುವ ಬುದ್ಧಿ ನನಗೆ ದೇವರು ಕೊಟ್ಟಿಲ್ಲ. "ಆ ಕರು ಹೆಂಗೆ ಕೂಗ್ತಿತ್ತು ಗೊತ್ತಾ ಅಕ್ಕ?" ಎಂದು ಪಕ್ಕದ ಮನೆಯಾಕೆಗೆ ಕೂಗಿ ತೋರಿಸಿದೆ. ಅದರ ಕೂಗು ಮೇಲಕ್ಕೆ ಎದ್ದು, ನಡುವೆ ಒಡೆದು, ಮೀಸೆ ಮೂಡುವ ಹುಡುಗನ ದನಿಯ ಹಾಗೆ ಕೆಳಗೆ ಬೀಳುತ್ತಿತ್ತು. ಆಕೆ ನಕ್ಕಳು. ಕೊಟ್ಟಿಗೆಯಿಂದ ತಗ್ಗಿನ ದನಿಯಲ್ಲಿ ಉತ್ತರ ಬಂತು.

ಅಮ್ಮ ಬಕೆಟ್ಟು ಹಿಡಿದು ಓಡಿದಳು. ಒಳಗಿನಿಂದಲೇ ಅಂದಳು, "ಯಾಕ್ಲಾ ನಿಲ್ಲಿಸ್ದೆ? ಕೂಗು."

ಕೂಗಿದೆ. ಬಕೆಟ್ಟಿನ ತಳಕ್ಕೆ ಹಾಲಿನ ಧಾರೆ ಬಡಿಯುವ ಸದ್ದು ಕೇಳಿಸಿತು.

ಅಂದಿನಿಂದ ಬೆಳಗ್ಗೆ ಶಿಫ್ಟಿಗೆ ಹೋಗುವ ಮೊದಲು ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ, ಶೀಟಿನ ಹಿಂದೆ ಅವಿತು ಕರುವಾದೆ. ಜೊತೆಯವರು ಟೀಮ್ ಲೀಡರ್ ಆಗಲು ಕಾಯುತ್ತಿದ್ದರು, ನನಗೆ ಮನೆಯಲ್ಲೇ ಕರುವಿನ ಹುದ್ದೆ ಖಾಯಂ ಆಯಿತು. "ಓದಿಸಿದ್ದು ದಂಡ ಆಗ್ಲಿಲ್ಲ ಬಿಡು," ಎಂದು ಅಮ್ಮ ಹಾಲು ಸೋಸುತ್ತಾ ನಕ್ಕಳು. "ನಾನು ಕೂಗಿದ್ರೆ ಈ ಮನೇಲಿ ನಾಯಿನೂ ತಿರುಗಿ ನೋಡಲ್ಲ," ಎಂದ ಅಪ್ಪ. ಫ್ಲಾಟಿನವರು ಪ್ಯಾಕೆಟ್ಟು ನಿಲ್ಲಿಸಿದರು. ಹಾಲು ಮೊದಲಿಗಿಂತ ಗಟ್ಟಿಯಾಗಿದೆ ಎಂದು ಒಬ್ಬರು ಮೆಚ್ಚಿ ಹೇಳಿದರಂತೆ.

ಕೆಲವು ವಾರ ಕಳೆದ ಮೇಲಿನ ಒಂದು ಸಂಜೆ. ಅವತ್ತು ಫೋನಿನಲ್ಲಿ ಬೈಸಿಕೊಂಡು ಬೈಸಿಕೊಂಡು ತಲೆ ಚಿಟ್ಟು ಹಿಡಿದಿತ್ತು. ಗೇಟು ತೆಗೆಯುವಾಗ ಟೀಮ್ ಲೀಡರ್ ಫೋನ್ ಮಾಡಿ ಮತ್ತಷ್ಟು ಬೈದ. "ಸರಿ ಸಾರ್. ಆಯ್ತು ಸಾರ್. ನಾಳೆ ಬೇಗ ಬರ್ತೀನಿ ಸಾರ್," ಎಂದೆ. ಯಾರ ದನಿಯನ್ನೂ ಹಾಕಿರಲಿಲ್ಲ. ಅದು ನನ್ನದೇ ದನಿ, ದಣಿದದ್ದು.

ಹಸು ಕೂಗಿತು. ಹೋಗಿ ನೋಡಿದರೆ ಹಗ್ಗ ಬಿಗಿಯಾಗುವವರೆಗೆ ನನ್ನತ್ತ ತಿರುಗಿ ನಿಂತಿದೆ. ಅಮ್ಮ ಇನ್ನೂ ಬಂದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ನಾಲ್ಕು ಮೊಲೆಗಳಿಂದಲೂ ಹಾಲು ತಾನಾಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಶೀಟಿನ ಹಿಂದಿನವನು ಯಾರೆಂದು ಅದಕ್ಕೆ ಎಂದಿನಿಂದ ಗೊತ್ತಿತ್ತೋ. ನಾನು ಹತ್ತಿರ ಹೋದೆ. ಮೊಣಕೈಯಿಂದ ಹಿಡಿದು ಕುತ್ತಿಗೆಯವರೆಗೆ ನೆಕ್ಕಿತು. ಆಫೀಸಿನ ಐಡಿ ಕಾರ್ಡನ್ನೂ ಬಿಡಲಿಲ್ಲ. ಉಪ್ಪುಕಾಗದದಂಥ ನಾಲಗೆ, ಚರ್ಮ ಉರಿಯುತ್ತಿತ್ತು. ನಾನು ಕದಲಲಿಲ್ಲ.

ಬಕೆಟ್ಟು ತಂದ ಅಮ್ಮ ನೆಲ ನೋಡಿದಳು. "ನಾನು ಬರೋವರ್ಗೂ ಬಾಯಿ ಮುಚ್ಕೊಂಡಿರಕ್ಕಾಗಲ್ವಾ ನಿಂಗೆ? ಅರ್ಧ ನೆಲಕ್ಕೆ ಹೋಯ್ತು."

ಆಮೇಲೆ ಮನೆಯಲ್ಲಿ ಹೊಸ ನಿಯಮ ಬಂತು. ಅಮ್ಮ ಬಕೆಟ್ಟು ಇಟ್ಟುಕೊಂಡು ಕೂರುವವರೆಗೆ ನಾನು ಕಾಂಪೌಂಡಿನೊಳಗೆ ಮಾತಾಡುವಂತಿಲ್ಲ. ಇಡೀ ಬೀದಿಯನ್ನು ಅಣಕಿಸಿ ಬದುಕಿದವನು ನಾನು. ನಮ್ಮ ಮನೆಗೇ ಕಳ್ಳನ ಹಾಗೆ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಊಟ ಆಯ್ತಾ ಎಂದು ಅಪ್ಪ ಕೇಳಿದರೆ ತಲೆ ಆಡಿಸುತ್ತಿದ್ದೆ.

ಹಸು ನೆಕ್ಕಿದ ಮಾರನೆಯ ಬೆಳಗ್ಗೆ ಅಮ್ಮ ಕೊಟ್ಟ ಕಾಫಿ ಕೆನೆಗಟ್ಟಿ ಆರುವವರೆಗೆ ಹಿಡಿದುಕೊಂಡೇ ಕೂತೆ. ಹೊಟ್ಟೆ ಸರಿಯಿಲ್ಲ ಎಂದೆ. ಅದನ್ನೇ ವಾರವಿಡೀ ಹೇಳಿದ ಮೇಲೆ ಅಮ್ಮನಿಗೆ ಗೊತ್ತಾಯಿತು.

"ನಾನು ಕರೆದ ಹಾಲು ನಿಂಗೆ ಆಗಲ್ವಾ?"

"ಅಮ್ಮ, ನಿನ್ನ ಬೇಸರ ನನಗೆ ಅರ್ಥ ಆಗುತ್ತೆ…"

"ಆಫೀಸು ದನಿ ತೆಗೀಬ್ಯಾಡ. ನೆಟ್ಟಗೆ ಹೇಳು."

"ಅದು ನನ್ನನ್ನ ತನ್ನ ಮಗ ಅಂತ ಅನ್ಕೊಂಡಿದೆ ಅಮ್ಮ."

"ಅನ್ಕೊಳ್ಳಿ ಬಿಡು. ನಾನೂ ಅಂಗೇ ಅನ್ಕೊಂಡಿವ್ನಿ. ಏನ್ ಕಂಡೆ?"

ನಗು ಬಂದರೂ ಕಾಫಿ ಇಳಿಯಲಿಲ್ಲ. ಮೊಸರು ಬಿಟ್ಟೆ, ಮೊಟ್ಟೆ ಬಿಟ್ಟೆ. ಮಟನ್ ಬಿಡುವುದು ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಪಿತೃಪಕ್ಷದ ದಿನ ಒಗ್ಗರಣೆಯ ವಾಸನೆಗೆ ಸೋತು ಎಲೆಯ ಮುಂದೆ ಕೂತೆ, ತಿಂದೆ, ಮರುದಿನದಿಂದ ಮತ್ತೆ ಬಿಟ್ಟೆ. ಆಫೀಸಿನಲ್ಲಿ ಬರೀ ಕಪ್ಪು ಕಾಫಿ ಕುಡಿಯುವುದನ್ನು ನೋಡಿಯೇ ಗೆಳೆಯ ನನ್ನನ್ನು ಗುಂಪಿಗೆ ಸೇರಿಸಿದ್ದು.

ಹಾಗಾಗಿ ನನ್ನ ಶನಿವಾರ ಹೀಗಿತ್ತು. ಸಂಜೆ ಹಾಲು ಕರೆಯುವ ಹೊತ್ತು ಆಗುವಷ್ಟರಲ್ಲಿ ಬೋರ್ಡು ಮಡಚಿ, ಬಸ್ಸು ಹಿಡಿದು ಮನೆಗೆ ಬಂದು, ಶೀಟಿನ ಹಿಂದೆ ನಿಂತು ಕರುವಿನ ಪರವಾಗಿ ಕೂಗುತ್ತಿದ್ದೆ. ಆ ಹಾಲು ಫ್ಲಾಟುಗಳಿಗೆ ಹೋಗುತ್ತಿತ್ತು. ಅದೇ ಫ್ಲಾಟಿನವರು ಮಾಲಿಗೆ ಬಂದಾಗ ನಾನು ಬೋರ್ಡಿನ ಹಿಂದೆ ಮುಖ ಮರೆಮಾಡುತ್ತಿದ್ದೆ. ಗೆಳೆಯನಿಗೆ ನನ್ನ ಕಥೆ ಹೇಳದಿದ್ದುದು ಇದಕ್ಕೇ. ಹೇಳಿದರೆ, ಈಗ ಹಾಲು ಹೇಗೆ ಕರೀತೀರಾ ಎಂಬ ಪ್ರಶ್ನೆ ಬರುತ್ತಿತ್ತು. ಕೂಗುವುದನ್ನು ನಿಲ್ಲಿಸುವ ಹಾಗೂ ಇರಲಿಲ್ಲ. ನಾನು ಕೂಗದಿದ್ದರೆ ಸೂಜಿ, ಸೂಜಿಯೂ ಬೇಡವೆಂದರೆ ಅಮ್ಮನ ಒಲೆಗೆ ಗ್ಯಾಸಿಲ್ಲ. ಎರಡು ಕಡೆಯೂ ನಾನೇ ವಕೀಲ. ಸಾಕುಸಾಕಾಗಿತ್ತು.

ತಿಂಗಳುಗಳು ಹೋದಂತೆ ಹಾಲು ತಾನಾಗಿ ಕಡಿಮೆಯಾಗುತ್ತಾ ಬಂತು. ಮತ್ತೆ ಗಬ್ಬ ಕಟ್ಟಿಸಬೇಕಾದ ಕಾಲ ಯಾವಾಗಲೋ ದಾಟಿತ್ತು. ದನದ ಡಾಕ್ಟರು ಎರಡು ಸಲ ಕೇಳಿದರೂ ಅಮ್ಮ "ನೋಡಾಣ" ಎಂದಳು. ಯಾಕೆಂದು ನಾನು ಕೇಳಲಿಲ್ಲ. ಕೊನೆಗೆ ಹಸು ಪೂರ್ತಿ ಬತ್ತಿತು. ಹಾಲಿಲ್ಲದ ಹಸುವಿಗೆ ಹಿಂಡಿ, ಬೂಸಾ ಹಾಕುವುದು ಯಾವ ಲೆಕ್ಕ ಎಂದು ಅಪ್ಪ ಸರ್ಜಾಪುರದ ಕಡೆಯ ದನದ ವ್ಯಾಪಾರಿಗೆ ಹೇಳಿ ಕಳಿಸಿದ.

ವ್ಯಾಪಾರಿ ಒಂದು ಬೆಳಗ್ಗೆ ಟೆಂಪೋ ತಂದ. ಹಲಗೆ ಇಳಿಬಿಟ್ಟು ಹಸುವನ್ನು ಎಳೆದರು. ಅದು ಮುಂಗಾಲು ಊರಿ ನಿಂತುಬಿಟ್ಟಿತು. ಬಾಲ ತಿರುಚಿದರು, ಹಿಂದಿನಿಂದ ಹೆಗಲು ಕೊಟ್ಟರು. ಕದಲಲಿಲ್ಲ.

ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ಅಂದಳು, "ಅವ್ನ ಕೈಲಿ ಕೂಗ್ಸಿ ಕಣಣ್ಣ. ಕರು ಅನ್ಕೊಂಡು ಹಿಂದೇನೇ ಹತ್ತತಾಳೆ."

ವ್ಯಾಪಾರಿ ನನ್ನ ಕಡೆ ತಿರುಗಿದ. "ಹೌದಾ ಮಗಾ? ಬಾ ಮತ್ತೆ. ಗಾಡಿ ಮೇಲೆ ನಿಂತ್ಕೊಂಡು ಒಂದು ಕೂಗು ಹಾಕ್ಬಿಡು. ಪಾಪ, ಅದಕ್ಕೂ ಒದೆ ತಪ್ತದೆ."

ಎಲ್ಲರೂ ನನ್ನನ್ನೇ ನೋಡಿದರು. ನಾನು ಕೂಗಿದರೆ ಅದು ಹತ್ತುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆಗುವುದಿಲ್ಲ ಎಂದು ಹೇಳೋಣವೆಂದರೆ, ಟೆಂಪೋ ನನಗೂ ಅದಕ್ಕೂ ನಡುವೆ ನಿಂತಿತ್ತು. ಬಾಯಿ ತೆರೆದು ಏನೇ ಅಂದರೂ ಅದು ನನ್ನ ಕಡೆಗೆ ಬರುತ್ತಿತ್ತು, ಬರುವ ದಾರಿಯಲ್ಲಿ ಆ ಹಲಗೆ. ಹಲ್ಲು ಕಚ್ಚಿಕೊಂಡು ಅಮ್ಮನನ್ನು ನೋಡಿದೆ. ತಲೆ ಅಲ್ಲಾಡಿಸಿದೆ.

"ಏನಪ್ಪ, ನಾಲ್ಗೆ ಬಿದ್ದೋಯ್ತಾ?" ಎಂದ ವ್ಯಾಪಾರಿ.

ಅಮ್ಮ ನನ್ನನ್ನು ಒಂದು ಗಳಿಗೆ ನೋಡಿದಳು. "ಅವ್ನ ಗಂಟ್ಲು ಬಿದ್ದೋಗ್ಯದೆ ಕಣಪ್ಪ, ನೆನ್ನೆಯಿಂದ."

"ಸರಿ ಬಿಡವ್ವ, ನಾಳೆ ಬರ್ತೀನಿ."

"ನಾಳೆ ಬ್ಯಾಡ. ವಾಸಿ ಆದ್ಮೇಲೆ ನಾವೇ ಹೇಳಿ ಕಳಿಸ್ತೀವಿ."

ಅಪ್ಪ ಏನೋ ಹೇಳಲು ಬಾಯಿ ತೆರೆದ. "ಹಗ್ಗ ಬಿಚ್ಚಿ, ಒಳೀಕೆ ಕಟ್ಟು," ಎಂದಳು ಅಮ್ಮ ಅವನಿಗೆ. ಟೆಂಪೋ ತಿರುವು ದಾಟುವವರೆಗೆ ನಾನು ಕೆಮ್ಮಲೂ ಇಲ್ಲ.

ಅವಳು ಹೇಳಿ ಕಳಿಸಲೇ ಇಲ್ಲ. ಮುಂದಿನ ತಿಂಗಳು, ಹಿಂದೆ ಹಾಲು ಹಾಕುತ್ತಿದ್ದ ಫ್ಲಾಟೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರಿದಳು. ಬೈಕು ಮಾರಿ ನಾನು ಬೂಸಾದ ಖರ್ಚು ವಹಿಸಿಕೊಂಡೆ. ಬೈಕಿಗಿಂತ ಹಸು ಹೆಚ್ಚು ದಿನ ರಿಪೇರಿಯಿಲ್ಲದೆ ಇರುತ್ತದೆ. ಗೆಳೆಯನಿಗೆ ಆಗ ಎಲ್ಲ ಹೇಳಿದೆ. ಅವನು, "ಅಮ್ಮನ್ನ ಏನ್ ಹೇಳಿ ಒಪ್ಪಿಸ್ದೆ?" ಎಂದ. ಬೋರ್ಡಿಗೆ ಆಗುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ.

ಅಮ್ಮ ಏನನ್ನೂ ಬಿಟ್ಟಿಲ್ಲ. ಟೀಗೆ ಅಂಗಡಿಯಿಂದ ಪ್ಯಾಕೆಟ್ ಹಾಲು ತರಿಸುತ್ತಾಳೆ. ತರುವವನು ನಾನೇ. ಸಂಜೆ ಕೆಲಸ ಮುಗಿಸಿ ಬಂದು, ಕೊಟ್ಟಿಗೆಯ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಾಳೆ. ಒಂದು ದಿನ ಲೋಟ ಬಾಯಿಯ ಹತ್ತಿರ ಒಯ್ದವಳು ಅಲ್ಲೇ ತಡೆದು ಅಂದಳು, "ಇದು ಯಾವ ಹಸೀಂದೋ. ಅಲ್ಲಿ ಯಾರು ಕೂಗಿದ್ರೋ."

ಆಮೇಲೆ ಟೀ ಕುಡಿದಳು. ದಣಿದಿದ್ದಳು. ಲೋಟ ತೊಳೆದಿಟ್ಟು, ಹಸುವಿಗೆ ನೀರಿಡಲು ಹೋದಳು.