ಹಾಸಿನ ಕೆಳಗೆ ನುಸುಳಿದ ಕಾರು

ಕಾರಿನ ಎತ್ತರ ತಗ್ಗಿಸಿದಾಗ ನನಗೆ ನಲವತ್ತಾರು ವರ್ಷ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹುಡುಗುಬುದ್ಧಿ ಪಾಪ ಅಂತ ಯಾರೂ ನನ್ನನ್ನು ಮಾಫಿ ಮಾಡುವುದು ಬೇಡ. ಚಳ್ಳಕೆರೆಯಲ್ಲಿ ನಮ್ಮದು ಅಪ್ಪನ ಕಾಲದಿಂದ ಶೇಂಗಾ ಎಣ್ಣೆಯ ಮಿಲ್ಲು. ಮಿಲ್ಲಿನಲ್ಲಿ ಎಲ್ಲರ ಮೇಲೂ ರೇಗುವ ಯಜಮಾನ ನಾನು. ಆದರೆ ನೆಲಕ್ಕೆ ಅಂಟಿಕೊಂಡು ಹೋಗುವ ಕಾರೊಂದು ಕಂಡರೆ ಸಾಕು, ಮಾತು ಅರ್ಧಕ್ಕೆ ಬಿಟ್ಟು ಕುತ್ತಿಗೆ ತಿರುಗಿಸುತ್ತಿದ್ದೆ. ಕುದಾಪುರದ ಕಡೆ ಓಡಾಡುವ ಯಾರದೋ ಕಪ್ಪು ಕಾರು ದಿನಾ ನಮ್ಮ ಗೇಟಿನ ಮುಂದೆ ಹಾಯುತ್ತಿತ್ತು. ಅದರ ಮೇಲಿನ ಹೊಟ್ಟೆಕಿಚ್ಚೇ ನನ್ನನ್ನು ಗ್ಯಾರೇಜಿಗೆ ತಳ್ಳಿತು ಅನ್ನಬೇಕು. ನನ್ನ ಹೆಂಡತಿ, ಈ ವಯಸ್ಸಲ್ಲಿ ಮನುಷ್ಯರು ಮೊಣಕಾಲು ನೋಡ್ಕೊಳ್ತಾರೆ, ಇವರು ಕಾರಿನ ಕಾಲು ಕತ್ತರಿಸೋಕೆ ಹೊರಟಿದ್ದಾರೆ ಎಂದು ನಕ್ಕಿದ್ದಳು.

ಬಳ್ಳಾರಿ ರಸ್ತೆಯಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ, ನಮ್ಮ ಅಪ್ಪನ ಲಾರಿಗಳನ್ನು ರಿಪೇರಿ ಮಾಡುತ್ತಿದ್ದವರು. ಮೊದಲು ಅವರ ಹತ್ತಿರವೇ ಹೋದೆ. ಅವರು ಬೇಡ ಅನ್ನಲಿಲ್ಲ. ತಗ್ಗಿಸುವುದಕ್ಕೂ ಒಂದು ರೀತಿ ಇದೆ ಎಂದು ಕೂರಿಸಿ ಹೇಳಿದರು. ಸ್ಪ್ರಿಂಗನ್ನು ಕತ್ತರಿಸಬಾರದು, ಗಿಡ್ಡದಾಗಿಯೇ ತಯಾರಾದ ಸ್ಪ್ರಿಂಗ್ ತರಿಸಬೇಕು. ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನು ಜೊತೆಯಲ್ಲೇ ಹಾಕಬೇಕು. ಚಕ್ರ ಕೊಳ್ಳುವಾಗ ಮುಂದಿನ ಹೊಳಪು ನೋಡಬಾರದು, ಹಿಂದೆ ತಿರುಗಿಸಿ ಎಷ್ಟು ಭಾರ ತಡೆಯುತ್ತದೆ ಎಂದು ಅಚ್ಚೊತ್ತಿರುವುದನ್ನು ಓದಬೇಕು. ಚಕ್ರ ದೊಡ್ಡದಾದಷ್ಟೂ ಟಯರು ತೆಳ್ಳಗಾಗುತ್ತದೆ, ಆಮೇಲೆ ಗುಂಡಿಯ ಪೆಟ್ಟೆಲ್ಲ ರಿಮ್ಮಿಗೇ ಬೀಳುತ್ತದೆ. 

"ನೋಡೋಕೆ ಚೆಂದ ಇರೋದು ಬ್ಯಾರೆ, ಮಜಬೂತು ಬ್ಯಾರೆ" ಎಂದರು ಮೇಸ್ತ್ರಿ. "ಸ್ಪ್ರಿಂಗ್ ಕುಯ್ಸಿದ್ರೆ ಗಾಡಿ ಕುಣಿತೈತ್ರಿ. ಕುಣಿಯೋ ಗಾಡಿ ನಿಮ್ಮ ಮಾತು ಕೇಳಲ್ಲ."

ಸಾಮಾನು ಬರಲು ಮೂರು ವಾರ ಆಗುತ್ತದೆ ಎಂದರು. ನನಗೆ ಮೂರು ದಿನದ ತಾಳ್ಮೆಯೂ ಇರಲಿಲ್ಲ. ಊರಾಚೆಯ ಇನ್ನೊಂದು ಅಂಗಡಿಯಲ್ಲಿ ಸಂಜೆಯೊಳಗೆ ಮಾಡಿಕೊಡುತ್ತೇವೆಂದರು, ಮಾಡಿಯೂ ಕೊಟ್ಟರು. ಇದ್ದ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸಿ, ಹಳೆಯ ಶಾಕನ್ನೇ ಉಳಿಸಿ, ಕನ್ನಡಿಯಂತೆ ಹೊಳೆಯುವ ದೊಡ್ಡ ಚಕ್ರ ಹಾಕಿ, ಚಾವಣಿಯ ಹಿಂದೆ ಮೀನಿನ ರೆಕ್ಕೆಯಂಥ ಆಂಟೆನಾವನ್ನೂ ಅಂಟಿಸಿದರು. ಆ ರೆಕ್ಕೆಯಿಂದ ಯಾವ ಉಪಯೋಗವೂ ಇರಲಿಲ್ಲ, ಶೋಕಿಗೆ ಅಷ್ಟೇ.

ಒಂದು ವಾರದ ಮೇಲೆ ಮೊಳಕಾಲ್ಮೂರಿಗೆ ಹೋದೆ. ನಮ್ಮ ಮನೆಯ ಮದುವೆ ಸೀರೆಗಳನ್ನೆಲ್ಲ ಅವ್ವನ ಕಾಲದಿಂದ ಅಲ್ಲಿಯ ಒಂದೇ ಮನೆಯವರು ನೇಯ್ದು ಕೊಡುತ್ತಾರೆ. ತಂಗಿಯ ಮಗಳ ಮದುವೆಗೆ ಬಣ್ಣ ಹೇಳಿ ಬರುವುದಿತ್ತು. ಆ ಮನೆಯಲ್ಲಿ ಎಪ್ಪತ್ತೈದು ದಾಟಿದ ಅಜ್ಜ, ಮಗ, ಸೊಸೆ. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ. ಮಗ ಮಗ್ಗದ ಮೇಲೆ ಕೂರುತ್ತಾನೆ. ಅಜ್ಜನದು ಎಳೆ ಕೂಡಿಸುವ ಕೆಲಸ. ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳೇ ಹಾಸು. ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೂದಿ ಹಚ್ಚಿದ ಬೆರಳಿನಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಗಂಟು ಕಣ್ಣಿಗೂ ಕಾಣಬಾರದು, ಕೈಗೂ ಸಿಗಬಾರದು. ಆ ಬೀದಿಯಲ್ಲಿ ಇದಕ್ಕೆ ಅಜ್ಜನನ್ನು ಬಿಟ್ಟರೆ ಇಲ್ಲ ಎನ್ನುತ್ತಿದ್ದರು. ಬೇರೆ ಮನೆಯವರೂ ಬಂದು ಕರೆದುಕೊಂಡು ಹೋಗುತ್ತಿದ್ದರು.

ನಾನು ಹೋದದ್ದು ಬೆಳಗಿನ ಹೊತ್ತು. ಬೀದಿಯಲ್ಲಿ ಹಾಸು ಎಳೆದು ಕಟ್ಟಿದ್ದರು, ಕುಂಕುಮದ ಬಣ್ಣದ ರೇಷ್ಮೆ. ಅದರ ಒಂದು ತುದಿ ಓಣಿಯ ಬಾಯಿಗೆ ಅಡ್ಡವಾಗಿ ಬಂದಿತ್ತು. ಅಲ್ಲಿಯ ರೂಢಿ ಎಲ್ಲರಿಗೂ ಗೊತ್ತು. ನಡೆಯುವವರು, ಬೈಕಿನವರು ಬಂದರೆ ಇಬ್ಬರು ಎರಡು ಕಡೆ ಉದ್ದನೆಯ ಬಿದಿರ ಗಳು ಹಾಕಿ ಹಾಸನ್ನು ಎತ್ತಿ ಹಿಡಿಯುತ್ತಾರೆ, ಬಂದವರು ತಲೆ ತಗ್ಗಿಸಿ ದಾಟುತ್ತಾರೆ. ಕಾರಿನವರು ಹಿಂದೆ ಹೋಗಿ ಬೇರೆ ದಾರಿ ಹಿಡಿಯುತ್ತಾರೆ, ಇಲ್ಲವೇ ಅಲ್ಲೇ ನಿಲ್ಲಿಸಿ ನಡೆದು ಬರುತ್ತಾರೆ. ನಾನೂ ಇಪ್ಪತ್ತು ವರ್ಷ ಹಾಗೇ ನಡೆದು ಬಂದವನೇ.

ಅವತ್ತು ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎತ್ತಿ ಹಿಡೀರಿ, ನಮ್ಮ ಗಾಡಿ ಈಗ ಗಿಡ್ಡ ಆಗೈತೆ, ಕೆಳಗೇ ಹೋಗುತ್ತೆ ಎಂದೆ. ಮಗ ಅನುಮಾನಿಸಿದ. ಅಜ್ಜ ನಕ್ಕು, ಸಾವ್ಕಾರರು ಹೇಳ್ತಾವ್ರೆ ಹಿಡಿಯೋ ಎಂದು ತಾವೇ ಒಂದು ಗಳು ತೆಗೆದುಕೊಂಡರು. ಇಬ್ಬರೂ ತಲೆಯ ಮೇಲಕ್ಕೆ ಎತ್ತಿದರು. ಜಗುಲಿಗಳ ಮೇಲೆ ಹೆಂಗಸರು ನಿಂತು ನೋಡುತ್ತಿದ್ದರು. ನೋಡಲಿ ಅಂತಲೇ ನಾನೂ ಸ್ವಲ್ಪ ಜೋರಾಗಿ ಬಿಟ್ಟೆ. ಥೂ, ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಓಣಿಯ ಬಾಯಲ್ಲೇ ಚರಂಡಿಗೆ ಮುಚ್ಚಿದ ಚಪ್ಪಡಿಯೊಂದು ಎದ್ದು ನಿಂತಿತ್ತು. ಮುಂದಿನ ಚಕ್ರ ದಾಟಿತು. ಹಿಂದಿನ ಚಕ್ರ ಅದಕ್ಕೆ ಹೊಡೆದಾಗ ಸೀಟಿನ ಕೆಳಗೆ ಧಡ್ ಎಂದು, ಕಾರಿನ ಹಿಂಭಾಗ ಪುಟಿದು ಮೇಲೆದ್ದಿತು. ನನ್ನ ತಲೆಯೇ ಚಾವಣಿಗೆ ತಗುಲಿತು. ಹಿಂದೆ ಯಾರೋ ಕೂಗಿದರು. ಇಳಿದು ನೋಡಿದರೆ ಆ ಮೀನಿನ ರೆಕ್ಕೆಗೆ ಹಾಸು ಸಿಕ್ಕಿಕೊಂಡು, ಒಂದು ಅಂಗೈ ಅಗಲದಷ್ಟು ಎಳೆ ಹರಿದು ನೇತಾಡುತ್ತಿತ್ತು.

ಕಾರು ಪುಟಿದದ್ದು ನನಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಅವರ ಕಣ್ಣೆಲ್ಲ ಹಾಸಿನ ಮೇಲಿತ್ತು. ಏನಾದರೂ ಹೇಳಬೇಕಿತ್ತು, ಬೀದಿಗೆ ಬೀದಿಯೇ ನನ್ನನ್ನು ನೋಡುತ್ತಿತ್ತು. ಮಿಲ್ಲಿನಲ್ಲಿ ಬಳಸಿ ಬಳಸಿ ಹರಿತವಾದ ನಾಲಿಗೆ ತಾನಾಗಿಯೇ ಹೊರಳಿತು.

"ಸರಿಯಾಗಿ ಎತ್ತಿ ಹಿಡಿಯೋಕಾಗ್ಲಿಲ್ವೇನ್ರಿ ಅಜ್ಜಾ? ನಿಮ್ಮ ಕೈ ನಡುಗ್ತಾ ಐತೆ."

ಅಜ್ಜನ ಕೈ ನಡುಗುತ್ತಿತ್ತು, ನಿಜ. ಹಾಸು ಹರಿದದ್ದನ್ನು ಕಂಡ ಯಾವ ನೇಕಾರನ ಕೈ ನಡುಗುವುದಿಲ್ಲ? ಅವರು ಗಳುವನ್ನು ಗೋಡೆಗೆ ಒರಗಿಸಿ, ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡರು. ಹೌದು, ನಂದೇ ತಪ್ಪು, ಇಳಿಸಿಬಿಟ್ಟೆ ಅಂತ ಕಾಣ್ತೈತೆ ಎಂದರು. ನಾನು ಪರವಾಗಿಲ್ಲ ಬಿಡಿ ಅಂದೆ. ನಾನು ಅವರಿಗೆ ಪರವಾಗಿಲ್ಲ ಅಂದೆ! ಆಮೇಲೆ ಬಣ್ಣ ಹೇಳಿ, ಕೊಟ್ಟ ಕಾಫಿ ಕುಡಿದು ಬಂದೆ.

ಮನೆಯಲ್ಲೂ ಅದನ್ನೇ ಹೇಳಿದೆ, ಪಾಪ ಅಜ್ಜನಿಗೆ ಕೈ ನಡುಕ ಬಂದಿದೆ ಎಂದು. ನನ್ನ ಹೆಂಡತಿ ಕರುಣೆಯವಳು. ಅಜ್ಜನ ಸೊಸೆಗೆ ಫೋನು ಮಾಡಿ, ತಡ ಮಾಡಬೇಡಿ, ಡಾಕ್ಟರಿಗೆ ತೋರಿಸಿ ಎಂದು ಒತ್ತಾಯ ಮಾಡಿದಳು. ಅವಳು ಫೋನಿನಲ್ಲಿ ಹೇಳುತ್ತಿದ್ದುದು ನನಗೆ ಪಕ್ಕದ ಕೋಣೆಯಲ್ಲಿ ಕೇಳಿಸುತ್ತಿತ್ತು. ಎದ್ದು ಹೋಗಿ ತಡೆಯಬಹುದಿತ್ತು, ತಡೆಯಲಿಲ್ಲ. ಕೆಲವು ದಿನದ ಮೇಲೆ, ಅಜ್ಜನಿಗೆ ಮಾತ್ರೆ ಶುರು ಮಾಡಿದ್ದಾರಂತೆ, ಎಳೆ ಕೂಡಿಸೋದನ್ನ ಬಿಟ್ಟುಬಿಟ್ಟರಂತೆ ಎಂದು ಅವಳೇ ಸುದ್ದಿ ತಂದಳು. ನಾನು ಪೇಪರು ಅಡ್ಡ ಹಿಡಿದು ಕೂತಿದ್ದೆ.

ಎರಡು ತಿಂಗಳೊಳಗೆ ಹಾನಗಲ್ ಹತ್ತಿರ ಒಂದು ಗುಂಡಿಗೆ ಬಿದ್ದು ಕನ್ನಡಿ ಚಕ್ರ ಬಿರುಕು ಬಿಟ್ಟಿತು. ಮುಖ ಸಣ್ಣದು ಮಾಡಿಕೊಂಡು ಹಳೇ ಮೇಸ್ತ್ರಿಯ ಹತ್ತಿರವೇ ಹೋದೆ. ಅವರು ಒಂದು ಮಾತೂ ಆಡಿಕೊಳ್ಳಲಿಲ್ಲ. ಡಿಕ್ಕಿಯ ಮೇಲೆ ಎರಡೂ ಕೈ ಊರಿ ಒತ್ತಿ ಬಿಟ್ಟರು. ಕಾರು ಗೇಣುದ್ದ ಮೇಲೆದ್ದು, ಇಳಿದು, ಮತ್ತೆ ಎದ್ದು, ಮೂರು ನಾಲ್ಕು ಸಲ ಕುಣಿದು ನಿಂತಿತು. ಶಾಕು ಪೂರ್ತಿ ಸತ್ತೋಗೈತೆ, ಹಿಂದುಗಡೆ ಏನಿದ್ರೂ ಎಗರಿಸಿ ಬಿಸಾಕ್ತೈತೆ ಎಂದರು. ನಾನು ಆ ಗೇಣನ್ನೇ ನೋಡುತ್ತ ನಿಂತೆ. ಅಜ್ಜ ಹಾಸನ್ನು ಒಂದು ಗೇಣು ಇಳಿಸಿರಲಿಲ್ಲ, ನಾನು ಒಂದು ಗೇಣು ಎಗರಿದ್ದೆ.

ಈ ಸಲ ಮೂರು ವಾರ ಕಾದೆ. ಮೇಸ್ತ್ರಿ ಹೇಳಿದಂತೆ ಸ್ಪ್ರಿಂಗೂ ಶಾಕೂ ಜೋಡಿಯಾಗಿ ತರಿಸಿದೆ. ಕಾರು ಅರ್ಧ ಇಂಚು ಮಾತ್ರ ತಗ್ಗಿತು, ಸಾಕು ಅನ್ನಿಸಿತು. ಒಂದು ಅಳತೆ ಚಿಕ್ಕ ಚಕ್ರ, ದಪ್ಪ ಟಯರು. ಪ್ರತಿಯೊಂದು ಚಕ್ರವನ್ನೂ ಹಿಂದೆ ತಿರುಗಿಸಿ ಅಚ್ಚು ಓದಿದೆ. ಆ ರೆಕ್ಕೆಯನ್ನು ಕಿತ್ತು ಹಾಕಿಸಿದೆ. ಎಷ್ಟು ಶ್ರದ್ಧೆಯಿಂದ ಆರಿಸಿದೆ ಎಂದರೆ ಮೇಸ್ತ್ರಿಗೇ ಆಶ್ಚರ್ಯ. ಅದು ಶ್ರದ್ಧೆಯೇನೂ ಅಲ್ಲ. ಚಕ್ರ ಆರಿಸುತ್ತ ಕೂತಷ್ಟು ದಿನ ಮೊಳಕಾಲ್ಮೂರಿಗೆ ಹೋಗುವುದು ತಪ್ಪುತ್ತಿತ್ತು.

ಕೊನೆಗೆ ಸೀರೆ ತರಲು ಹೋಗಲೇಬೇಕಾಯಿತು. ಅವತ್ತು ಹಾಸು ಇರಲಿಲ್ಲ, ಕಾರು ಬಾಗಿಲವರೆಗೂ ಹೋಯಿತು. ಅಜ್ಜ ಜಗುಲಿಯ ಮೇಲೆ ಕೈಗಳನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದರು. ಒಳಗೆ ಬೇರೆ ಯಾರೋ ಎಳೆ ಕೂಡಿಸುತ್ತಿದ್ದರು. ನಾನು ಕುಳಿತುಕೊಳ್ಳದೆ, ನಿಂತೇ, ಮಗ ಸೊಸೆ ಇಬ್ಬರನ್ನೂ ಕರೆದು ಹೇಳಿಬಿಟ್ಟೆ. ಹಾಸು ಹಿಡಿದಾಗ ಅಜ್ಜನ ಕೈ ನಡುಗಿರಲಿಲ್ಲ, ಹಾಸು ಇಳಿದಿರಲಿಲ್ಲ, ಕಾರು ಪುಟಿದಿತ್ತು, ಅದು ನನಗೆ ಅವತ್ತೇ ಗೊತ್ತಿತ್ತು, ಗೊತ್ತಿದ್ದೇ ತಪ್ಪನ್ನು ಅಜ್ಜನ ಮೇಲೆ ಹಾಕಿದೆ ಎಂದೆ.

ಅಜ್ಜ ಮಗುವಿನ ಹಾಗೆ ಕೇಳಿದರು, "ಗಾಡಿ ಹೆಂಗೆ ಪುಟಿತೈತೆ ನಾಯನಾ? ಒಂದಿಷ್ಟು ತೋರ್ಸು."

ತೋರಿಸುತ್ತೇನೆ ಎಂದು ಓಡಿಹೋಗಿ, ಮೇಸ್ತ್ರಿ ಮಾಡಿದ ಹಾಗೆಯೇ ಡಿಕ್ಕಿಯ ಮೇಲೆ ಎರಡೂ ಕೈ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತಿ ಬಿಟ್ಟೆ. ಕಾರು ಮೆಲ್ಲಗೆ ತಗ್ಗಿತು, ಮೆಲ್ಲಗೆ ಎದ್ದಿತು, ನಿಂತಿತು. ಇನ್ನೊಮ್ಮೆ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಅಲ್ಲಾಡದೆ ನಿಂತಿತು. ಇದು ಹೊಸದು, ಆವಾಗ ಹಳೇದಿತ್ತು, ಸ್ಪ್ರಿಂಗ್ ಕತ್ತರಿಸಿದ್ದೆ ಎಂದು ಏನೇನೋ ತೊದಲಿದೆ. ನನ್ನ ಕಿವಿಗೇ ಅದು ಕಟ್ಟುಕತೆಯಂತೆ ಕೇಳಿಸಿತು.

ಅಜ್ಜ ನಕ್ಕರು. ಎಂಥ ಒಳ್ಳೆಯ ನಗು ಅದು. ಬಿಡು ನಾಯನಾ, ನನ್ನ ಕೈ ನಂಗೊತ್ತು ಎಂದರು. ಮಗನ ಕಡೆ ತಿರುಗಿ ತೆಲುಗಿನಲ್ಲಿ, ಮುದುಕನ ಮನಸ್ಸು ನೋಯಬಾರದು ಅಂತ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಾವ್ನೆ, ದೊಡ್ಡ ಮನುಷ್ಯ ಎಂದರು. ನನಗೆ ತೆಲುಗು ತಿಳಿಯುತ್ತದೆ ಎಂಬುದು ಅವರಿಗೆ ಮರೆತುಹೋಗಿತ್ತು. ಅಷ್ಟರಲ್ಲಿ ಸೊಸೆ ಹೊತ್ತಾಯಿತೆಂದು ನೀರು ತಂದಳು. ಅಜ್ಜ ನನ್ನ ಎದುರಿಗೇ ಮಾತ್ರೆ ಬಾಯಿಗೆ ಹಾಕಿಕೊಂಡು, ಲೋಟವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಕುಡಿದರು.