ಪೆನಾಂಗ್‌ನಲ್ಲಿ ಗೆದ್ದವಳು

ಮಲೇಷ್ಯಾದ ನಮ್ಮ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಮ್ಮ ಗುಂಪಿನಿಂದಲೇ ಮೂವರು ನಿಂತಾಗ ಹಿರಿಯರು ಒಂದು ಉಪಾಯ ಹುಡುಕಿದರು. ವಾರಕ್ಕೊಂದು ರಾಜ್ಯದ ಸದಸ್ಯರು ಮತ ಹಾಕುವುದು. ಹೆಚ್ಚು ರಾಜ್ಯ ಗೆದ್ದವರೇ ಗುಂಪಿನ ಅಭ್ಯರ್ಥಿ, ಉಳಿದವರು ಬಾಯಿ ಮುಚ್ಚಿಕೊಂಡು ಅವರ ಹಿಂದೆ ನಿಲ್ಲುವುದು. ಒಬ್ಬರು ಮೆಲಾಕಾದ ವೈದ್ಯರು, ಇನ್ನೊಬ್ಬರು ಕೌಲಾಲಂಪುರದ ಮಾಂಟ್ ಕಿಯಾರಾದ ಸಾಫ್ಟ್‌ವೇರ್ ಮ್ಯಾನೇಜರ್. ಮೂರನೆಯವಳು ನಾನು, ಪುಚೊಂಗ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು. ನನ್ನನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೊದಲು ಪೆನಾಂಗ್. ಅಲ್ಲಿ ನಾನು ಗೆದ್ದೆ. ಅದುವರೆಗೆ ನನ್ನ ನಮಸ್ಕಾರಕ್ಕೆ ತಲೆಯನ್ನೂ ಅಲ್ಲಾಡಿಸದವರು ಫೋನ್ ಮಾಡಿ, "ನಮಗೆ ಮೊದ್ಲೇ ಗೊತ್ತಿತ್ತು ಮೇಡಂ" ಎಂದರು. ನಮ್ಮದೇ ಕಾಂಡೋದ ಕೆಳಮಹಡಿಯಲ್ಲಿದ್ದ ಗೆಳತಿ ಬೀದಿಯ ಮಮಕ್ ಹೋಟೆಲಿನಿಂದ ರೋಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದಳು. "ಇನ್ಮೇಲೆ ನಿಮ್ಮ ಪ್ರಚಾರ ಎಲ್ಲಾ ನಂದು ಅಕ್ಕಾ" ಎಂದಳು. ಆ ಖುಷಿಯಲ್ಲಿ ಮೈಮರೆತು ಅವಳಿಗೊಂದು ಮಾತು ಹೇಳಿಬಿಟ್ಟೆ: ನನ್ನ ಗಂಡನ ಕೆಲಸದ ಪಾಸ್ ಇನ್ನೂ ನವೀಕರಣವಾಗಿಲ್ಲ, ಆಗದಿದ್ದರೆ ಊರಿಗೆ ವಾಪಸ್ ಹೋಗಬೇಕು, ಭಯವಾಗುತ್ತಿದೆ. ಅದನ್ನು ನನ್ನ ತಾಯಿಗೂ ಹೇಳಿರಲಿಲ್ಲ.

ಮೆಲಾಕಾ ವೈದ್ಯರ ಊರು, ಅಲ್ಲಿ ಸೋಲುತ್ತೇನೆಂದು ಗೊತ್ತಿತ್ತು, ಸೋತೆ. ಆದರೆ ಊಟದ ಸಾಲಿನಲ್ಲಿ ಹುಬ್ಬಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಆಂಟಿ, ನೀವು ವಾಪಸ್ ಊರಿಗೆ ಹೊಂಟೀರಂತಲ್ರೀ? ಹಂಗಿದ್ರ ಅಧ್ಯಕ್ಷಗಿರಿ ಯಾಕ್ ಬೇಕ್ರೀ?"

"ಯಾರು ಹೇಳಿದ್ದು?"

"ಎಲ್ಲಾರೂ ಅನ್ಲಿಕತ್ತಾರ್ರೀ."

ಮನೆಯ ಹೊರಗೆ ಆ ಮಾತು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ.

ಮುಂದಿನ ವಾರ ಜೊಹೋರ್‌ಗೆ ನಾನು ಹೋಗುವ ಮೊದಲೇ ಸುದ್ದಿ ಹೋಗಿತ್ತು. ಅಲ್ಲಿ ಮ್ಯಾನೇಜರ್ ಗೆದ್ದರು. ತಾವು ಕಣದಿಂದ ಹಿಂದೆ ಸರಿದರೆ ನನ್ನನ್ನೇ ಬೆಂಬಲಿಸುವುದಾಗಿ ಮಾತು ಕೊಟ್ಟಿದ್ದ ವೈದ್ಯರು ಮರುದಿನವೇ ಸರಿದು ಅವರ ಕಡೆ ಸೇರಿದರು. ಫೋನ್ ಮಾಡಿ ಕೇಳಿದೆ.

"ನೋಡಮ್ಮಾ, ಅರ್ಧಕ್ಕೇ ಬಿಟ್ಟು ಹೋಗೋರನ್ನ ಹೇಗೆ ಕೂರ್ಸೋದು?"

"ಹೋಗ್ತೀನಿ ಅಂತ ನಾನು ನಿಮಗೆ ಹೇಳಿದ್ನಾ ಡಾಕ್ಟ್ರೇ?"

ಅವರು ಫೋನ್ ಇಟ್ಟರು.

ಕೊನೆಯದು ನಮ್ಮ ಸೆಲಾಂಗೊರ್. ಸಭಾಂಗಣದ ಬಾಗಿಲಲ್ಲಿ ಗೆಳತಿ ಮ್ಯಾನೇಜರ್ ಪರವಾಗಿ ಚೀಟಿ ಹಂಚುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು, ನನ್ನ ಶಿಷ್ಯೆ.

"ಯಾಕೆ ಹೀಗ್ ಮಾಡ್ದೆ?" ಎಂದೆ.

"ಸುಳ್ಳೇನೂ ಹೇಳಿಲ್ವಲ್ಲ ಅಕ್ಕಾ. ನಿಮಗೆ ಚಾನ್ಸ್ ಇಲ್ಲ ಅಂತ ಎಲ್ರಿಗೂ ಗೊತ್ತು. ಗೆಲ್ಲೋರ ಜೊತೆ ಇರ್ಬೇಕು ಲಾ" ಎಂದಳು, ಇಲ್ಲಿಯವರ ಧಾಟಿಯಲ್ಲಿ.

"ಹಾಗಾದ್ರೆ ನಿನ್ನ ಮಗಳನ್ನ ಇನ್ನು ನನ್ನ ಕ್ಲಾಸಿಗೆ ಕಳಿಸ್ಬೇಡ." ನನ್ನ ದನಿ ಸಭಾಂಗಣಕ್ಕೆಲ್ಲ ಕೇಳಿಸಿತು.

ಹುಡುಗಿ ಮುಖವೆತ್ತಿ, "ಬಟ್ ವೈ, ಆಂಟಿ?" ಎಂದಳು. ನಾನು ಅವಳನ್ನು ದಾಟಿ ಒಳಗೆ ಹೋದೆ. ಇಡೀ ಪ್ರಕರಣದಲ್ಲಿ ನನಗೆ ನಾಚಿಕೆಯೆನಿಸುವುದು ಆ ಮಗುವಿನ ಮುಂದೆ ಆಡಿದ ಅದೊಂದು ಮಾತಿಗೇ. ಆದರೂ ಆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಸೋತೆ. ಅದರ ಮರುವಾರ ಪಾಸ್ ನವೀಕರಣವಾಯಿತು, ಯಾರಿಗೂ ಹೇಳಲಿಲ್ಲ. ಮುಂದೆ ನಡೆದ ಸಂಘದ ಚುನಾವಣೆಯಲ್ಲಿ ಮ್ಯಾನೇಜರ್ ಅಧ್ಯಕ್ಷರಾದರು. "ಮಕ್ಕಳ ವಿಭಾಗ ನೀವೇ ನೋಡ್ಕೊಳ್ಳಿ ಮೇಡಂ, ನಿಮ್ಮ ಅನುಭವ ನಮಗೆ ಬೇಕು" ಎಂದು ಸಂದೇಶ ಕಳಿಸಿದರು. ಓದಿ ಅಳಿಸಿದೆ, ಸಂಘದ ವಾಟ್ಸಾಪ್ ಗುಂಪಿನಿಂದ ಹೊರಬಂದೆ. ಈಗ ಪಾಠ ನನ್ನ ಮನೆಯ ಹಾಲ್‌ನಲ್ಲೇ ನಡೆಯುತ್ತದೆ. ಬರುವ ಮಕ್ಕಳು ಕಡಿಮೆ. ಆ ಹುಡುಗಿ ಬರುವುದಿಲ್ಲ. ನಾನು ಕರೆದೂ ಇಲ್ಲ.